ಹೊಸ ಫೋನಿನ ಮೂರನೇ ಬೇಸಿಗೆ

ಯುಗಾದಿ ಮುಗಿದು ವಿಜಯಪುರದ ಬಿಸಿಲು 40 ಡಿಗ್ರಿ ದಾಟಿತೆಂದರೆ ಮೊಬೈಲ್ ರಿಪೇರಿ ಅಂಗಡಿಗಳ ಕೌಂಟರಿನಲ್ಲಿ ಎರಡು ಮಾತು ದಿನವೂ ಕೇಳಿಬರುತ್ತವೆ. “ಫೋನ್ ಭಾಳ ಕಾಯ್ಲಿಕತ್ತದರಿ, ಚಾರ್ಜ್ ನಿಂದ್ರವಲ್ದು” ಎಂಬುದೊಂದು. “ಹೊಸಾ ಮಾಡೆಲ್ ಬರ್ತದಂತಲ್ರಿ, ಇನ್ನೆರಡು ತಿಂಗಳ ತಡದು ಅದನ್ನೇ ತಗೊಳ್ಳೂಣೇನು?” ಎಂಬುದು ಇನ್ನೊಂದು. ದೂರು, ಆಸೆ ಎರಡೂ ಒಬ್ಬರ ಬಾಯಿಂದಲೇ. ಆಸೆಯ ಪಟ್ಟಿಯಲ್ಲಿ ಇರುವುದು ಮೆಗಾಪಿಕ್ಸೆಲ್, ಮಡಚುವ ಪರದೆ, ಎಐ. ದೂರಿನ ಪಟ್ಟಿಯಲ್ಲಿ ಇರುವುದು ಬ್ಯಾಟರಿ, ಚಾರ್ಜಿಂಗ್ ಪಿನ್, ಡಿಸ್‌ಪ್ಲೇ, ಬೆರಳಚ್ಚು. ಈ ಎರಡು ಪಟ್ಟಿಗಳು ಒಂದಕ್ಕೊಂದು ಮುಖ ನೋಡುವುದೇ ಇಲ್ಲ.

ಬರಲಿರುವ ಫೋನನ್ನು ದೂರಿನ ಪಟ್ಟಿ ಹಿಡಿದು ಅಳೆಯಬೇಕು. ಅದಕ್ಕೆ ನಮ್ಮ ಭಾಗದಲ್ಲಿ ಸರಿಯಾದ ಅಳತೆಗೋಲು ಮೂರನೇ ಬೇಸಿಗೆ. ಮೊದಲ ಬೇಸಿಗೆಯಲ್ಲಿ ಎಲ್ಲ ಫೋನೂ ಚಲೋ ಇರುತ್ತದೆ, ಕೆಟ್ಟರೂ ಒಂದು ವರ್ಷದ ವಾರಂಟಿ ಇರುತ್ತದೆ. ದಿನಕ್ಕೊಂದು ಸಲ ಪೂರ್ತಿ ಚಾರ್ಜ್ ಬಳಸುವವರಿಗೆ ವರ್ಷಕ್ಕೆ 365 ಆವೃತ್ತಿ ಆಗುತ್ತದೆ, ಒಂದು ಪೂರ್ತಿ ಚಾರ್ಜ್ ತುಂಬಿ ಖರ್ಚಾದರೆ ಒಂದು ಆವೃತ್ತಿ. 800 ಆವೃತ್ತಿ ತಾಳುವ ಬ್ಯಾಟರಿ ಎರಡು ವರ್ಷ ಎರಡು ತಿಂಗಳಿಗೆ ತನ್ನ ಲೆಕ್ಕ ಮುಗಿಸಿರುತ್ತದೆ. ಅಷ್ಟರಲ್ಲಿ ವಾರಂಟಿ ಮುಗಿದಿರುತ್ತದೆ, ಅಂಟು ಸಡಿಲಾಗಿರುತ್ತದೆ, ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳಿಗೆ ಹೊಸ ಆಂಡ್ರಾಯ್ಡ್ ಅಪ್‌ಡೇಟ್ ಬರುವುದೂ ನಿಂತಿರುತ್ತದೆ.

ಕಾವು ಎಲ್ಲಿಂದ ಬರುತ್ತದೆ

ಫೋನು ಬಳಸುವ ಜಾಗದ ಉಷ್ಣಾಂಶ 0ಯಿಂದ 35 ಡಿಗ್ರಿಯೊಳಗೆ ಇರಬೇಕೆಂದು ಆ್ಯಪಲ್, ಸ್ಯಾಮ್‌ಸಂಗ್ ಎರಡೂ ತಮ್ಮ ಕೈಪಿಡಿಗಳಲ್ಲಿ ಬರೆದಿವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ವಿಜಯಪುರ, ಬಾಗಲಕೋಟೆಯಲ್ಲಿ ಈ ಮಿತಿ ನೆರಳಿನಲ್ಲೇ ಮೀರುತ್ತದೆ. ಫೋನು ಆಗ ಮಾಡುವುದೆಲ್ಲ ತನ್ನ ರಕ್ಷಣೆಗಾಗಿ: ಪರದೆಯ ಬೆಳಕು ಇಳಿಸುತ್ತದೆ, ಪ್ರೊಸೆಸರಿನ ವೇಗ ತಗ್ಗಿಸುತ್ತದೆ, ಒಳಗಿನ ಬ್ಯಾಟರಿ 45 ಡಿಗ್ರಿಯ ಹತ್ತಿರ ಹೋದಾಗ ಚಾರ್ಜಿಂಗನ್ನು ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. “80 ವ್ಯಾಟ್ ಚಾರ್ಜರ್ ಅಂದ್ರು, ಎರಡು ತಾಸಾದ್ರೂ ತುಂಬವಲ್ದು” ಎಂಬ ದೂರಿನಲ್ಲಿ ಚಾರ್ಜರಿನ ತಪ್ಪು ಇರುವುದು ಅಪರೂಪ.

ಪರದೆಯ ವಿಷಯವೂ ಹೀಗೆಯೇ. ಡಬ್ಬಿಯ ಮೇಲೆ 4,500 ನಿಟ್ಸ್ (ಪರದೆಯ ಬೆಳಕಿನ ಅಳತೆ) ಎಂದು ಬರೆದಿರುತ್ತಾರೆ. ಅದು ಪರದೆಯ ಒಂದು ಸಣ್ಣ ಭಾಗ ಕ್ಷಣಹೊತ್ತು ಕೊಡುವ ಬೆಳಕು. ಹೊಲದಲ್ಲಿ ನಿಂತು ನಕ್ಷೆ ನೋಡುವಾಗ ಇಡೀ ಪರದೆ ಬೆಳಗಬೇಕು, ಆಗ ಸಿಗುವುದು ಅದರ ಮೂರನೇ ಒಂದು ಭಾಗದಷ್ಟು ಇರಬಹುದು, ಫೋನು ಕಾದಿದ್ದರೆ ಇನ್ನೂ ಕಡಿಮೆ. ಜಾಹೀರಾತಿನಲ್ಲಿ ‘ಪೀಕ್’ ಎಂಬ ಅಂಕಿ ಬಿಟ್ಟು, ಬಿಸಿಲಲ್ಲಿ ಇಡೀ ಪರದೆಗೆ ಎಷ್ಟು ಎಂದು ಬರೆದ ಅಂಕಿ ಹುಡುಕಿ.

ಬ್ಯಾಟರಿಯನ್ನು ತಿನ್ನುವುದು ಕಾವು ಒಂದೇ ಅಲ್ಲ. ಕಾವಿನ ಜೊತೆ ಪೂರ್ತಿ ಚಾರ್ಜ್ ಸೇರಿದಾಗ ಹಾನಿ ದೊಡ್ಡದು. ತುಂಬಿದ ಲಿಥಿಯಂ ಸೆಲ್ಲಿನ ವೋಲ್ಟೇಜ್ 4.4ರ ಆಚೀಚೆ ಇರುತ್ತದೆ. ಆ ಒತ್ತಡದಲ್ಲಿ ಒಳಗಿನ ದ್ರವ ಸೆಲ್ಲಿನ ಫಲಕಗಳ ಜೊತೆ ಪ್ರತಿಕ್ರಿಯಿಸಿ ಪೊರೆಯೊಂದನ್ನು ದಪ್ಪ ಮಾಡುತ್ತ ಹೋಗುತ್ತದೆ, ಪೊರೆಯಲ್ಲಿ ಸಿಕ್ಕ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಕಾವು ಹೆಚ್ಚಿದಷ್ಟೂ ಈ ಕ್ರಿಯೆಗೆ ವೇಗ. ಬ್ಯಾಟರಿ ಕೆಲಸದವರು ಬಳಸುವ ಒಂದು ಅಂದಾಜು ಹೀಗಿದೆ: 40 ಡಿಗ್ರಿಯಲ್ಲಿ ಒಂದು ವರ್ಷ 40 ಪರ್ಸೆಂಟ್ ಚಾರ್ಜಿನಲ್ಲಿ ಇಟ್ಟ ಸೆಲ್ಲಿನಲ್ಲಿ ಸುಮಾರು 85 ಪರ್ಸೆಂಟ್ ಸಾಮರ್ಥ್ಯ ಉಳಿಯುತ್ತದೆ, 100 ಪರ್ಸೆಂಟ್ ತುಂಬಿ ಇಟ್ಟದ್ದರಲ್ಲಿ ಸುಮಾರು 65. ರಾತ್ರಿಯಿಡೀ ಚಾರ್ಜಿಗೆ ಹಾಕಿ ತಲೆದಿಂಬಿನ ಕೆಳಗೆ ಇಟ್ಟ ಫೋನು ಈ ಎರಡನೇ ಸಾಲಿಗೆ ಸೇರಿದ್ದು.

ಆದ್ದರಿಂದ ಬೇಸಿಗೆಯ ನಾಲ್ಕು ತಿಂಗಳು ಹೀಗೆ ಮಾಡಿ. ಸೆಟಿಂಗ್ಸಿನಲ್ಲಿ ಬ್ಯಾಟರಿಯ ಪುಟ ತೆರೆದು 80 ಪರ್ಸೆಂಟಿಗೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿ. ಐಫೋನ್ 15 ಮತ್ತು ಮುಂದಿನವುಗಳಲ್ಲಿ, ಸ್ಯಾಮ್‌ಸಂಗ್, ಪಿಕ್ಸೆಲ್‌ನ ಹೊಸ ಮಾಡೆಲ್‌ಗಳಲ್ಲಿ ಅದು ಇದೆ. ಮಧ್ಯಾಹ್ನ ವೇಗದ ಚಾರ್ಜರ್ ಬೇಡ, ಮನೆಯಲ್ಲಿ ಬಿದ್ದಿರುವ ಹಳೆಯ 10 ವ್ಯಾಟಿನದು ಸಾಕು. ಹಿಂದಿನ ಕವರ್ ತೆಗೆದು ಫೋನನ್ನು ಫರಸಿ ನೆಲದ ಮೇಲೆ ಬೆನ್ನು ತಾಗುವಂತೆ ಇಡಿ. ಕಲ್ಲು ಕಾವನ್ನು ಎಳೆದುಕೊಳ್ಳುತ್ತದೆ, ಗಾದಿ ಕಾವನ್ನು ಹಿಡಿದಿಡುತ್ತದೆ. ಕಾದ ಫೋನನ್ನು ಫ್ರಿಜ್ಜಿನಲ್ಲಿ ಇಡುವವರಿದ್ದಾರೆ. ಹಾಗೆ ಮಾಡಿದರೆ ಒಳಗಿನ ಗಾಳಿಯ ತೇವ ಬೋರ್ಡಿನ ಮೇಲೆ ಹನಿಗಟ್ಟಿ, ಕಾವಿನಿಂದ ಉಳಿದ ಫೋನು ನೀರಿನಿಂದ ಸಾಯುತ್ತದೆ.

ಹೊಲದ ಪಂಪ್‌ಸೆಟ್ ಶೆಡ್ಡಿನಲ್ಲಿ ಚಾರ್ಜ್ ಹಾಕುವ ರೈತರಿಗೆ ಒಂದು ಮಾತು. ವೋಲ್ಟೇಜ್ ಕಡಿಮೆ ಆದರೆ ಅಡಾಪ್ಟರಿಗೆ ತೊಂದರೆಯಿಲ್ಲ, ಅವು 100ರಿಂದ 240 ವೋಲ್ಟಿನವರೆಗೆ ತಾಳುವಂತೆ ಮಾಡಿದವು. ಆದರೆ ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಪಾಯಿಂಟಿಗೆ 400 ವೋಲ್ಟಿನ ಹತ್ತಿರ ಬರಬಹುದು, ಅಡಾಪ್ಟರ್ ಆಗಲೇ ಸುಟ್ಟುಹೋಗುತ್ತದೆ. ಕರೆಂಟು ಬಂದ ಮೊದಲ ಐದು ನಿಮಿಷ ಬಿಟ್ಟು ಹಾಕುವುದು ಒಳ್ಳೆಯದು. ಇನ್ನೊಂದು: ಚಾರ್ಜಿಗೆ ಹಾಕಿದಾಗ ಮಾತ್ರ ಪರದೆ ತಾನೇ ಓಡಾಡಿದರೆ, ಮುಟ್ಟದ ಕಡೆ ಅಕ್ಷರ ಬಿದ್ದರೆ ಡಿಸ್‌ಪ್ಲೇ ಬದಲಿಸಲು ಓಡಬೇಡಿ. ವೈರ್ ಕಿತ್ತು ನೋಡಿ, ನಿಂತಿತೆಂದರೆ ತಪ್ಪು ಚಾರ್ಜರಿನದು. ಅಗ್ಗದ ಅಡಾಪ್ಟರುಗಳಲ್ಲಿ ವಿದ್ಯುತ್ ಗದ್ದಲ ಸೋಸುವ ಭಾಗವನ್ನೇ ಉಳಿತಾಯ ಮಾಡಿರುತ್ತಾರೆ, ಆ ಗದ್ದಲವನ್ನು ಪರದೆ ಬೆರಳೆಂದು ತಿಳಿಯುತ್ತದೆ.

7,000 ಎಂಎಎಚ್‌ನ ಆಸೆ

ಈಗ ಜನ ಹೆಚ್ಚು ಕಾಯುತ್ತಿರುವುದು ದೊಡ್ಡ ಬ್ಯಾಟರಿಗೆ. ಎಂಎಎಚ್ ಎಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ. ಈ ಆಸೆಗೆ ಅರ್ಥವಿದೆ. ಸೆಲ್ಲಿನ ಋಣ ಫಲಕದಲ್ಲಿ ಇಲ್ಲಿಯವರೆಗೆ ಗ್ರಾಫೈಟ್ ಇರುತ್ತಿತ್ತು, ಅದು ಗ್ರಾಮಿಗೆ 372 ಎಂಎಎಚ್ ಹಿಡಿಯಬಲ್ಲದು. ಸಿಲಿಕಾನ್ ಲೆಕ್ಕದ ಪ್ರಕಾರ ಅದರ ಒಂಬತ್ತು-ಹತ್ತು ಪಟ್ಟು ಹಿಡಿಯುತ್ತದೆ. ಸಿಲಿಕಾನ್-ಕಾರ್ಬನ್ ಬ್ಯಾಟರಿ ಎಂದರೆ ಈ ಎರಡರ ಬೆರಕೆ. 2025ರಲ್ಲಿ ರಿಯಲ್‌ಮಿ ಜಿಟಿ 7 ಎಂಬ ಫೋನು 7,000, ಐಕ್ಯೂ ಜೆಡ್10 ಮತ್ತು ಒನ್‌ಪ್ಲಸ್ 15 ತಲಾ 7,300 ಎಂಎಎಚ್ ಬ್ಯಾಟರಿಯೊಂದಿಗೆ ನಮ್ಮ ಮಾರುಕಟ್ಟೆಗೆ ಬಂದವು. ಅದೇ ವರ್ಷ ಎರಡು ದೊಡ್ಡ ಕಂಪನಿಗಳು ತೆಳುವಿನ ಹಿಂದೆ ಹೋದವು: ಗ್ಯಾಲಕ್ಸಿ ಎಸ್25 ಎಡ್ಜ್ 5.8 ಮಿಲಿಮೀಟರ್ ದಪ್ಪ, 3,900 ಎಂಎಎಚ್. ಐಫೋನ್ ಏರ್ 5.6 ಮಿಲಿಮೀಟರ್, ಭೌತಿಕ ಸಿಮ್ ಹಾಕುವ ಜಾಗವೂ ಇಲ್ಲ. ತೆಳು ಬೇಕೆಂದು ಕೇಳಿದ ಗಿರಾಕಿ ನಮ್ಮ ಜಿಲ್ಲೆಗಳಲ್ಲಿ ಸಿಗುವುದು ಕಷ್ಟ. ಒಂದು ಮಿಲಿಮೀಟರ್ ದಪ್ಪ ಮಾಡಿ, ಎರಡು ದಿನ ಚಾರ್ಜ್ ಕೊಡಿ ಎನ್ನುವವರೇ ಎಲ್ಲರೂ, ಅವರು ಹೇಳುವುದು ಸರಿ.

ದೊಡ್ಡ ಬ್ಯಾಟರಿಯಿಂದ ಇನ್ನೊಂದು ಲಾಭವಿದೆ. ದಿನಕ್ಕೆ 5,000 ಎಂಎಎಚ್ ಖರ್ಚು ಮಾಡುವವರಿಗೆ 5,000ದ ಬ್ಯಾಟರಿಯಲ್ಲಿ ದಿನಕ್ಕೊಂದು ಆವೃತ್ತಿ, 7,000ದ್ದರಲ್ಲಿ ಸುಮಾರು 0.7. ಹಾಗಾಗಿ 800 ಆವೃತ್ತಿ ಮುಗಿಯಲು ಮೂರು ವರ್ಷದ ಮೇಲೆ ಬೇಕು.

ತೊಡಕು ಬೇರೆ ಕಡೆ ಇದೆ. ಲಿಥಿಯಂ ತುಂಬಿಕೊಂಡಾಗ ಗ್ರಾಫೈಟ್ ಹತ್ತು ಪರ್ಸೆಂಟಿನಷ್ಟು ಉಬ್ಬಿದರೆ ಸಿಲಿಕಾನ್ ಮೂರು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ಪ್ರತಿ ಚಾರ್ಜಿಗೂ ಉಬ್ಬಿ ಇಳಿದು ಅದು ಬಿರುಕು ಬಿಡಬಾರದೆಂದೇ ಕಾರ್ಬನ್ನಿನ ಜಾಲದೊಳಗೆ ಸಣ್ಣ ಪ್ರಮಾಣದಲ್ಲಿ ಕೂರಿಸುತ್ತಾರೆ. ಮೇಲೆ ಹೇಳಿದ ಫೋನುಗಳು ಇಲ್ಲಿ ಮಾರಾಟವಾಗತೊಡಗಿದ್ದು 2025ರಲ್ಲಿ, ಅವುಗಳಿಗೆ ಮೂರನೇ ಬೇಸಿಗೆ ಬೇಗ ಎಂದರೂ 2027. ತಗೊಂಡವರು ತಿಂಗಳಿಗೊಮ್ಮೆ ಫೋನನ್ನು ಸಪಾಟು ಗಾಜಿನ ಮೇಲೆ ಮಲಗಿಸಿ ನೋಡಿ. ಬೆನ್ನು ಉಬ್ಬಿ ಫೋನು ತಿರುಗಿದರೆ, ಪರದೆಯ ಅಂಚಿನಲ್ಲಿ ಉಗುರು ಹೋಗುವಷ್ಟು ಸಂದು ಕಂಡರೆ ಚಾರ್ಜಿಂಗ್ ಅಂದೇ ನಿಲ್ಲಿಸಿ. ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, ಆಫ್ ಮಾಡಿ ಉಸುಕಿನ ಡಬ್ಬಿಯಲ್ಲಿಟ್ಟು ಸರ್ವೀಸ್ ಸೆಂಟರಿಗೆ ಒಯ್ಯಿರಿ. ಉಬ್ಬುವುದು ಹಳೆಯ ಬ್ಯಾಟರಿಗಳಲ್ಲೂ ಇದೆ, ಕ್ರಮ ಅಲ್ಲಿಯೂ ಇದೇ.

ಪವರ್ ಬ್ಯಾಂಕಿನ ದೂರಿಗೆ ಲೆಕ್ಕದಲ್ಲೇ ಉತ್ತರವಿದೆ. 10,000 ಎಂಎಎಚ್ ಎನ್ನುವುದು ಒಳಗಿನ ಸೆಲ್ಲಿನ 3.7 ವೋಲ್ಟಿನಲ್ಲಿ, ಎಂದರೆ 37 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗ, ವೈರಿನಲ್ಲಿ ಕಾವಾಗಿ ಹೋಗುವುದನ್ನು ಕಳೆದರೆ 31ರಷ್ಟು ಕೈಗೆ ಬರುತ್ತದೆ. 5,000 ಎಂಎಎಚ್ ಫೋನಿಗೆ 19ರ ಮೇಲೆ ಬೇಕು. ಒಂದೂವರೆ ಸಲ ತುಂಬಿದರೆ ಪವರ್ ಬ್ಯಾಂಕ್ ಒಳ್ಳೆಯದೇ. ‘ರೇಟೆಡ್ ಕೆಪ್ಯಾಸಿಟಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದ ಅಂಕಿ ನಿಜವಾದದ್ದು.

ಯುರೋಪಿನ ಚೀಟಿ ನಮಗೂ ಉಪಯೋಗ

2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಪ್ರತಿ ಫೋನಿಗೂ ಒಂದು ಲೇಬಲ್ ಕಡ್ಡಾಯ. ಬ್ಯಾಟರಿ ಎಷ್ಟು ಆವೃತ್ತಿಯವರೆಗೆ 80 ಪರ್ಸೆಂಟ್ ಉಳಿಸಿಕೊಳ್ಳುತ್ತದೆ, ಬಿದ್ದರೆ ಎಷ್ಟು ತಾಳುತ್ತದೆ, ರಿಪೇರಿಗೆ ಎಷ್ಟು ಸುಲಭ, ಧೂಳು-ನೀರಿನ ಐಪಿ ಅಂಕಿ ಎಷ್ಟು ಎಂಬುದು ಅದರಲ್ಲಿ ಇರುತ್ತದೆ. ಬೀಳುವುದಕ್ಕೆ ಮತ್ತು ರಿಪೇರಿಗೆ ಎ ಯಿಂದ ಇ ವರೆಗೆ ದರ್ಜೆ. ಬ್ಯಾಟರಿ ಕನಿಷ್ಠ 800 ಆವೃತ್ತಿ ತಾಳಲೇಬೇಕು. ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ, ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಒದಗಿಸಬೇಕು.

ಈ ಕಾನೂನು ಭಾರತಕ್ಕೆ ಅನ್ವಯಿಸದು. ಆದರೆ ಲೇಬಲ್‌ಗಳು ಎಪ್ರೆಲ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಯಾರು ಬೇಕಾದರೂ ನೋಡುವಂತಿವೆ. ಬೆಳಗಾವಿಯ ಖಡೇಬಜಾರಿನಲ್ಲಿ ನಿಂತು ಫೋನು ಆರಿಸುವವರು ಅದೇ ಮಾಡೆಲಿನ ಯುರೋಪಿನ ಲೇಬಲ್ ತೆಗೆದು ನೋಡಬಹುದು. ಒಂದು ಎಚ್ಚರ: ಹೆಸರು ಒಂದೇ ಇದ್ದರೂ ಅಲ್ಲಿಯ ಫೋನಿನ ಬ್ಯಾಟರಿ ಇಲ್ಲಿಯದಕ್ಕಿಂತ ಚಿಕ್ಕದಿರುವುದುಂಟು. ಬ್ಯಾಟರಿ ಅಂಕಿ ಹೊಂದಿಸಿ ನೋಡಿದ ಮೇಲೆ ಆವೃತ್ತಿಯ ಅಂಕಿ ನಂಬಿ. ಭಾರತದಲ್ಲೂ ರಿಪೇರಿ ಸೂಚ್ಯಂಕದ ಚೌಕಟ್ಟನ್ನು ಸಮಿತಿಯೊಂದು 2025ರ ಮೇ ತಿಂಗಳಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಗೆ ಸಲ್ಲಿಸಿದೆ. ಇದು ಬೇಗ ಜಾರಿಗೆ ಬರಲೇಬೇಕು. ಸೀರೆಯ ಅಂಚು ನೋಡಿ ನೂಲು ಹೇಳುವ ಗಿರಾಕಿ ಫೋನಿನ ಡಬ್ಬಿ ನೋಡಿ ಏನೂ ಹೇಳಲಾಗದ ಸ್ಥಿತಿ ಇದೆ.

“2027ರಿಂದ ಎಲ್ಲಾ ಫೋನಿಗೂ ಮೊದಲಿನಂಗ ಬ್ಯಾಟರಿ ಕೈಲೆ ತೆಗಿಬಹುದಂತ” ಎಂಬ ಸುದ್ದಿ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅರ್ಧ ನಿಜ. ಬಳಕೆದಾರರೇ ಬ್ಯಾಟರಿ ಬದಲಿಸುವಂತಿರಬೇಕೆಂಬ ಐರೋಪ್ಯ ನಿಯಮ 2027ರ ಫೆಬ್ರುವರಿ 18ರಂದು ಜಾರಿಗೆ ಬರುತ್ತದೆ. ಆದರೆ ಫೋನುಗಳ ಪ್ರತ್ಯೇಕ ನಿಯಮದಲ್ಲಿ ಒಂದು ಬಿಡುವಿದೆ: 500 ಆವೃತ್ತಿಯ ಮೇಲೆ 83, ಸಾವಿರದ ಮೇಲೆ 80 ಪರ್ಸೆಂಟ್ ಉಳಿಸಿಕೊಳ್ಳುವ, ಧೂಳು ಹೋಗದ, ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ತಾಳುವ ಫೋನಾದರೆ ಬ್ಯಾಟರಿ ಬದಲಿಸುವ ಕೆಲಸವನ್ನು ರಿಪೇರಿಯವರಿಗೇ ಬಿಡಬಹುದು. ದುಬಾರಿ ಫೋನುಗಳು ಆ ದಾರಿ ಹಿಡಿಯುವ ಸಂಭವವೇ ಹೆಚ್ಚು. ಬ್ಯಾಟರಿ ಬಿಡಿಸುವುದು ಸುಲಭವಾಗುತ್ತಿರುವುದಂತೂ ಹೌದು. 2024ರ ಐಫೋನ್ 16ರಲ್ಲಿ ಬ್ಯಾಟರಿಯ ಅಂಟಿಗೆ 9 ವೋಲ್ಟಿನ ಸಣ್ಣ ಬ್ಯಾಟರಿಯಿಂದ ಒಂದೂವರೆ ನಿಮಿಷ ಕರೆಂಟು ಕೊಟ್ಟರೆ ಅಂಟು ತಾನೇ ಬಿಡುತ್ತದೆ. ಹಳೆಯ ಬಗೆಯ ಅಂಟುಪಟ್ಟಿ ಎಳೆಯುವಾಗ ಹರಿದು, ಸ್ಪಜರ್ ಎಂಬ ಚಪ್ಪಟೆ ಕಡ್ಡಿ ಹಾಕಿ ಮೀಟುವಾಗ ಸೆಲ್ ತೂತಾಗಿ ಹೊಗೆ ಏಳುವ ಭಯ ತಿಳಿದವರಿಗೆ ಇದರ ಬೆಲೆ ಗೊತ್ತು.

ಧೂಳು, ಬೆರಳು, ಬೈಕು

ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕಗಳಲ್ಲಿ, ಬಾಗಲಕೋಟೆ ಸುತ್ತಿನ ಸುಣ್ಣಕಲ್ಲು ಮತ್ತು ಸಿಮೆಂಟಿನ ಕೆಲಸದಲ್ಲಿ ಇರುವವರ ಫೋನು ಮೊದಲು ಕೆಡುವುದು ಚಾರ್ಜಿಂಗ್ ಪಿನ್ನಿನಲ್ಲಿ. ಗುರುತು ಸುಲಭ. ಚಾರ್ಜರಿನ ಮೂತಿ ಕಟ್ ಎಂದು ಕೂರದೆ ಒಂದು ಮಿಲಿಮೀಟರ್ ಹೊರಗೇ ನಿಲ್ಲುತ್ತದೆ, ಅಲುಗಾಡಿಸಿದರೆ ಚಾರ್ಜ್ ಬಂದು ಹೋಗುತ್ತದೆ. ಟಾರ್ಚ್ ಹಾಕಿ ನೋಡಿದರೆ ತಳದಲ್ಲಿ ಬೂದು ಬಣ್ಣದ ಗಟ್ಟಿ ಪದರ ಕಾಣುತ್ತದೆ, ಜೇಬಿನ ಎಳೆ ಮತ್ತು ಕಲ್ಲಿನ ಹಿಟ್ಟು ಸೇರಿ ಒತ್ತಿದ್ದು. ಪ್ರತಿ ಸಲ ಚುಚ್ಚಿದಾಗ ಮೂತಿಯೇ ಅದನ್ನು ಇನ್ನಷ್ಟು ಗಟ್ಟಿ ಮಾಡಿರುತ್ತದೆ. ಫೋನು ಆಫ್ ಮಾಡಿ, ತೆಳ್ಳಗೆ ಕೆತ್ತಿದ ಕಟ್ಟಿಗೆಯ ಹಲ್ಲುಕಡ್ಡಿಯಿಂದ ನಾಲಿಗೆಯ ಎರಡೂ ಬದಿ ನಿಧಾನ ಕೆರೆದು ಹೊರಗೆ ಎಳೆಯಿರಿ. ಸೂಜಿ, ಸಿಮ್ ಪಿನ್ ಬೇಡ: ನಡುವಿನ ನಾಲಿಗೆಯ ಮೇಲೆ 24 ಸಂಪರ್ಕಗಳಿವೆ, ಎರಡು ಒಂದಕ್ಕೊಂದು ತಾಗಿದರೆ ಪಿನ್ ಕೂರಿಸಿದ ಸಣ್ಣ ಬೋರ್ಡು, ಸಬ್‌ಬೋರ್ಡ್, ಹೋಗುತ್ತದೆ. ಹತ್ತರಲ್ಲಿ ಎಷ್ಟೋ ‘ಪಿನ್ ಹೋಗೇತ್ರಿ’ ದೂರುಗಳು ಇಷ್ಟಕ್ಕೇ ಮುಗಿಯುತ್ತವೆ, ಯಾವ ಭಾಗವನ್ನೂ ಬದಲಿಸಬೇಕಿಲ್ಲ.

ಮಡಚುವ ಫೋನಿನ ಆಸೆ ಇರುವವರು ಐಪಿ ಸಂಖ್ಯೆಯ ಮೊದಲ ಅಂಕಿಯನ್ನೇ ನೋಡಿ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಸ್ಯಾಮ್‌ಸಂಗಿನ ಫೋಲ್ಡ್ 7 ಐಪಿ48. ಆ 4 ಎಂದರೆ ಒಂದು ಮಿಲಿಮೀಟರಿಗಿಂತ ದೊಡ್ಡ ಕಣ ಮಾತ್ರ ತಡೆಯುತ್ತದೆ. ಗ್ರಾನೈಟಿನ ಹಿಟ್ಟು ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಕೀಲಿನೊಳಗೆ ಹೊಕ್ಕ ಹಿಟ್ಟು ಒಳಪರದೆಯನ್ನು ಕೆಳಗಿನಿಂದ ಒತ್ತುತ್ತದೆ. 2025ರ ಪಿಕ್ಸೆಲ್ 10 ಪ್ರೊ ಫೋಲ್ಡ್ ಐಪಿ68 ಪಡೆಯಿತು, ಎಂದರೆ ಧೂಳು ತಡೆಯುವ ಕೀಲು ಸಾಧ್ಯ. ಕಲ್ಲು, ಸಿಮೆಂಟು, ಹತ್ತಿಯ ಕೆಲಸದವರು 6ರಿಂದ ಶುರುವಾಗದ ಮಡಚುವ ಫೋನು ಕೊಳ್ಳಬಾರದು.

ನೀರಿನ ಅಂಕಿ ಪ್ರಯೋಗಾಲಯದ ನಿಂತ ಸಿಹಿನೀರಿನದು. ಒಮ್ಮೆ ಡಿಸ್‌ಪ್ಲೇ ಬದಲಿಸಿದರೆ ಅಂಚಿನ ಅಂಟು ಮೊದಲಿನಂತೆ ಕೂರುವ ಭರವಸೆಯಿಲ್ಲ. ಐಪಿ68 ಇದ್ದರೂ ನೀರು ಹೊಕ್ಕ ಫೋನಿಗೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ, ಸಿಮ್ ಟ್ರೇ ಜಾಗದಲ್ಲಿರುವ ಬಿಳಿ ಚುಕ್ಕೆ ಕೆಂಪಾಗಿದೆಯೇ ಎಂದು ಮೊದಲು ನೋಡುತ್ತಾರೆ. ಖಾನಾಪುರದ ಮಳೆಗಾಲದಲ್ಲಿ ‘ತೇವ ಪತ್ತೆಯಾಗಿದೆ’ ಎಂಬ ಸೂಚನೆ ಬಂದರೆ ಪಿನ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ ಫ್ಯಾನಿನ ಗಾಳಿಗೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂಳಿದರೆ ಅಕ್ಕಿಯ ಹಿಟ್ಟು ಪಿನ್ನಿಗೆ ಹೋಗುವುದೊಂದೇ ಫಲ.

ಬೆರಳಚ್ಚಿನ ದೂರು ನಮ್ಮ ಜಿಲ್ಲೆಗಳಲ್ಲಿ ಹೆಚ್ಚು, ಅದಕ್ಕೆ ಕಾರಣ ನಮ್ಮ ಕೈಗಳು ಮಾಡುವ ಕೆಲಸ. ಇಳಕಲ್, ಗುಳೇದಗುಡ್ಡದ ನೇಕಾರರ ಬೆರಳ ತುದಿ ನೂಲಿನಿಂದ ಸವೆದಿರುತ್ತದೆ. ಕಬ್ಬು ಕಡಿಯುವವರ ಚರ್ಮ ಒಡೆದಿರುತ್ತದೆ. ತಿಕೋಟಾ ಭಾಗದಲ್ಲಿ ದ್ರಾಕ್ಷಿಯನ್ನು ಮನೂಕ ಮಾಡಲು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದುವವರ ಬೆರಳು ಒಮ್ಮೆ ಜಿಡ್ಡು, ಒಮ್ಮೆ ಒಣಕಲು. ಪರದೆಯೊಳಗಿನ ಆಪ್ಟಿಕಲ್ ಸೆನ್ಸರ್ ಬೆಳಕು ಬಿಟ್ಟು ಫೋಟೊ ತೆಗೆಯುತ್ತದೆ. ಒಣ ಚರ್ಮ ಗಾಜಿಗೆ ಸರಿಯಾಗಿ ಅಂಟದೆ ಗೆರೆಗಳು ಮಸುಕಾಗುತ್ತವೆ. ಅಲ್ಟ್ರಾಸಾನಿಕ್ ಸೆನ್ಸರ್ ಶಬ್ದದ ಅಲೆಯಿಂದ ಗೆರೆಯ ಆಳ ಅಳೆಯುವುದರಿಂದ ಜಿಡ್ಡು, ಒದ್ದೆಗೆ ಹೆಚ್ಚು ತಾಳುತ್ತದೆ. ಮೊದಲು ದುಬಾರಿ ಫೋನಿನಲ್ಲಿ ಮಾತ್ರ ಇದ್ದ ಅದು ಈಗ ನಡುವಿನ ಬೆಲೆಗೂ ಇಳಿಯುತ್ತಿದೆ. ಕಾಯುವುದಿದ್ದರೆ ಇದಕ್ಕಾಗಿ ಕಾಯಬಹುದು. ಇರುವ ಫೋನಿನಲ್ಲಿ ಒಂದೇ ಹೆಬ್ಬೆರಳನ್ನು ಎರಡು ಸಲ ಬೇರೆ ಬೇರೆ ಹೆಸರಿನಲ್ಲಿ ದಾಖಲಿಸಿ, ಒಂದು ಬೆಳಗ್ಗೆ ತೊಳೆದ ಕೈಯಲ್ಲಿ, ಇನ್ನೊಂದು ಸಂಜೆ ಕೆಲಸ ಮುಗಿಸಿದ ಕೈಯಲ್ಲಿ. ಟಫನ್ ಗ್ಲಾಸ್ ಹಾಕಿಸಿದ ಮೇಲೆ ಹಳೆಯ ದಾಖಲೆ ಅಳಿಸಿ ಮತ್ತೆ ಮಾಡಿ.

ಬೈಕಿನ ಹ್ಯಾಂಡಲ್ಲಿಗೆ ಫೋನು ಸಿಕ್ಕಿಸಿ ದಾರಿ ನೋಡುವವರು ಒಂದು ಸಂಗತಿ ತಿಳಿದಿರಬೇಕು. ಕೈ ನಡುಗಿದರೂ ಚಿತ್ರ ನಡುಗದಂತೆ ಮಾಡುವ ಓಐಎಸ್ ವ್ಯವಸ್ಥೆಯಲ್ಲಿ ಮಸೂರ ಸಣ್ಣ ಸ್ಪ್ರಿಂಗು, ಆಯಸ್ಕಾಂತಗಳ ಮೇಲೆ ತೇಲುತ್ತಿರುತ್ತದೆ. ದೊಡ್ಡ ಎಂಜಿನಿನ ಕಂಪನದಿಂದ ಅದು ಕೆಡಬಹುದು ಎಂದು ಆ್ಯಪಲ್ 2021ರಲ್ಲೇ ಎಚ್ಚರಿಸಿತ್ತು. ಕೆಟ್ಟ ಕ್ಯಾಮೆರಾ ತೆರೆದರೆ ಗುಂಯ್ ಎನ್ನುತ್ತದೆ, ಚಿತ್ರ ಅಲೆಯಾಡುತ್ತದೆ. 0.5 ಎಂಬ ಅಗಲ ನೋಟಕ್ಕೆ ಬದಲಿಸಿ, ಅದರಲ್ಲಿ ಚಿತ್ರ ನಿಂತರೆ ಮುಖ್ಯ ಕ್ಯಾಮೆರಾದ ಓಐಎಸ್ ಹೋಗಿದೆ, ಮಾಡ್ಯೂಲ್ ಬದಲಿಸಬೇಕು. ಕಂಪನ ತಡೆಯುವ ರಬ್ಬರ್ ಇರುವ ಹೋಲ್ಡರ್ ಹಾಕಿ, ಇಲ್ಲವೇ ಫೋನು ಜೇಬಿನಲ್ಲಿಟ್ಟು ದಾರಿಯನ್ನು ಕಿವಿಯಲ್ಲಿ ಕೇಳಿ.

ಹಸಿರು ಗೆರೆ

ಪ್ರತಿ ಬಿಂದುವೂ ತಾನೇ ಬೆಳಗುವ ಅಮೋಲೆಡ್ ಪರದೆಯ ಮೇಲೆ ಅಪ್‌ಡೇಟ್ ಆದ ಮರುದಿನ ಹಸಿರು ಗೆರೆ ಬಿತ್ತೆಂಬ ದೂರು ಭಾರತದಲ್ಲಿ ಬಹಳ ಕೇಳಿಬಂದಿದೆ. ಪರದೆಗೂ ಅದರ ಚಿಪ್ಪಿಗೂ ನಡುವೆ ಕೂದಲಿಗಿಂತ ತೆಳು ಸಂಪರ್ಕಗಳನ್ನು ಅಂಟಿಸಿರುತ್ತಾರೆ. ಕಾವಿನಿಂದ ಹಿಗ್ಗಿ ಕುಗ್ಗಿ ಒಂದು ಸಂಪರ್ಕ ಬಿಟ್ಟರೆ ಆ ಸಾಲು ಹೊತ್ತಿಕೊಂಡೇ ಉಳಿಯುತ್ತದೆ. ಅಪ್‌ಡೇಟ್ ಆಗುವಾಗ ಫೋನು ಬಹಳ ಹೊತ್ತು ಬಿಸಿಯಾಗಿರುತ್ತದೆ, ಆಗಲೇ ಬಿರುಕು ಬಿಟ್ಟಿದ್ದದ್ದು ಅಂದು ಪೂರ್ತಿ ಬಿಡುತ್ತದೆ. ಅಪ್‌ಡೇಟನ್ನು ರಾತ್ರಿ, ಚಾರ್ಜಿನಿಂದ ತೆಗೆದು, ಕವರ್ ಬಿಚ್ಚಿ ಮಾಡಿ. ಗೆರೆ ಬಿದ್ದರೆ ರೀಸೆಟ್ ಮಾಡಿ ಪ್ರಯೋಜನವಿಲ್ಲ. ಕೆಲವು ಕಂಪನಿಗಳು ಆಯ್ದ ಮಾಡೆಲ್‌ಗಳಿಗೆ ವಾರಂಟಿ ಮುಗಿದ ಮೇಲೂ ಉಚಿತ ಪರದೆ ಕೊಟ್ಟಿವೆ, ಕೇಳದೆ ದುಡ್ಡು ಕಟ್ಟಬೇಡಿ.

ಹೊರಗಿನ ಅಂಗಡಿಯಲ್ಲಿ ಪರದೆ ಹಾಕಿಸುವವರು ‘ಕಾಂಬೋ’ (ಗಾಜು, ಡಿಸ್‌ಪ್ಲೇ ಸೇರಿದ ಭಾಗ) ಯಾವುದೆಂದು ಬಿಲ್ಲಿನಲ್ಲಿ ಬರೆಸಿ. ಅಮೋಲೆಡ್ ಇದ್ದ ಜಾಗಕ್ಕೆ ಎಲ್‌ಸಿಡಿ ಹಾಕಿದ್ದರೆ ಪರದೆಯೊಳಗಿನ ಬೆರಳಚ್ಚು ಕೆಲಸ ಮಾಡುವುದಿಲ್ಲ, ಕತ್ತಲಲ್ಲಿ ಕಪ್ಪು ಚಿತ್ರ ಬೂದಿಯಾಗಿ ಕಾಣುತ್ತದೆ. ಅಂಗಡಿ ಬಿಡುವ ಮುನ್ನ ಈ ಎರಡನ್ನೂ ನೋಡಿ.

ಎಐ, ಮೆಮೊರಿ, ಮತ್ತು ನಮ್ಮ ಮಾತು

ಫೋನಿನ ಜೊತೆ ಕನ್ನಡದಲ್ಲಿ ಮಾತಾಡಬೇಕೆಂಬ ಆಸೆ ಈಡೇರಿದ ಆಸೆ. ಗೂಗಲ್‌ನ ಮಾತಾಡುವ ಎಐ ಜೆಮಿನಿ ಲೈವ್‌ಗೆ 2024ರಲ್ಲಿ ಕನ್ನಡ ಬಂತು. ಆದರೆ “ಸಂಜೀಕ ಬರಾಕತ್ತೀನಿ, ಅಡಗಿ ಮಾಡಿಡು” ಎಂದರೆ ದನಿಬರಹ, ಎಂದರೆ ಮಾತು ಕೇಳಿ ಬರೆಯುವ ವ್ಯವಸ್ಥೆ, ಎಡವುತ್ತದೆ. ಹೆಸರು, ಊರು ಸರಿಯಾಗಿ ಬಂದರೂ ಕ್ರಿಯಾಪದದ ಕೊನೆಗಳು ಕೆಡುತ್ತವೆ. ಯಂತ್ರಕ್ಕೆ ಕಲಿಸಿದ ಮಾತಿನಲ್ಲಿ ಬರಹದ ಕನ್ನಡವೇ ಹೆಚ್ಚು. ಈ ದೂರನ್ನು ಕಂಪನಿಗಳಿಗೆ ಮುಟ್ಟಿಸುತ್ತಲೇ ಇರಬೇಕು, ಯಾಕೆಂದರೆ ದನಿಯನ್ನೇ ನಂಬಿದವರು ಅಕ್ಷರ ಬಾರದ ನಮ್ಮ ಹಿರಿಯರು. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡೂ ಬಳಸುವವರಿಗೆ: ಗೂಗಲ್ ಕೀಲಿಮಣೆ ಜಿಬೋರ್ಡಿನಲ್ಲಿ ದನಿಬರಹ ಆ ಹೊತ್ತಿಗೆ ಆರಿಸಿದ ಕೀಲಿಮಣೆಯ ಭಾಷೆ ಹಿಡಿಯುತ್ತದೆ. ಮೈಕ್ ಒತ್ತುವ ಮುನ್ನ ಸ್ಪೇಸ್ ಪಟ್ಟಿಯ ಮೇಲೆ ಯಾವ ಭಾಷೆ ಇದೆ ನೋಡಿ.

‘16 ಜಿಬಿ ರ‍್ಯಾಮ್’ ಎಂದು ಬರೆದ ಪೋಸ್ಟರಿನ ಕೆಳಗೆ ‘8+8’ ಎಂದಿದ್ದರೆ ಎರಡನೇ 8 ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಕಡ ತಂದದ್ದು, ಬಹಳ ನಿಧಾನ. 200 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ 16 ಬಿಂದು ಕೂಡಿಸಿ 12.5 ಮೆಗಾಪಿಕ್ಸೆಲ್‌ನ ಚಿತ್ರ ಕೊಡುತ್ತದೆ. ಎಐ ಡೇಟಾ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದೆ, ಅದು ಹೊಸ ಫೋನಿನ ಬೆಲೆಯಲ್ಲಿ, ಇಲ್ಲವೇ ಕಡಿಮೆ ಮಾಡಿದ ರ‍್ಯಾಮಿನಲ್ಲಿ ಕಾಣಿಸುತ್ತದೆ. ಪರದೆ, ಬೋರ್ಡು ಗಟ್ಟಿ ಇರುವ ಫೋನಿಗೆ ಕಂಪನಿಯ ಬ್ಯಾಟರಿ ಹಾಕಿಸಿ ಇನ್ನೆರಡು ವರ್ಷ ನಡೆಸುವುದು ಈಗ ಲಾಭದ ದಾರಿ.

ಕೈಗಡಿಯಾರ ಮತ್ತು ಇಯರ್‌ಬಡ್‌ಗೆ ಎರಡೇ ಮಾತು. ಎರಡು ಸಾವಿರದೊಳಗಿನ ವಾಚು ತೋರಿಸುವ ಬಿಪಿ, ಆಮ್ಲಜನಕದ ಅಂಕಿ ನೋಡಿ ಗುಳಿಗೆ ಬಿಡಬೇಡಿ, ಹೆಚ್ಚಿಸಬೇಡಿ. ಬಡ್‌ಗಳ ಬ್ಯಾಟರಿ ಹಲವು ಸಲ 50 ಎಂಎಎಚ್ ಕೂಡ ಇರುವುದಿಲ್ಲ, ಬಿಚ್ಚಿ ಬದಲಿಸುವಂತೆ ಮಾಡಿದವು ವಿರಳ. ಎರಡು ವರ್ಷದ ಖರ್ಚೆಂದು ತಿಳಿದು ಕೊಳ್ಳಿ.

ಕೊಳ್ಳುವ ಮುನ್ನ, ಕೆಟ್ಟ ಮೇಲೆ

ಹೊಸ ಮಾಡೆಲ್ ಮನಸ್ಸಿಗೆ ಬಂದರೆ ಮೊದಲು ಹತ್ತಿರದ ಅಧಿಕೃತ ಸರ್ವೀಸ್ ಸೆಂಟರಿಗೆ ಫೋನು ಮಾಡಿ ಮೂರು ಪ್ರಶ್ನೆ ಕೇಳಿ: ಇದರ ಡಿಸ್‌ಪ್ಲೇಗೆ ಎಷ್ಟು, ಬ್ಯಾಟರಿಗೆ ಎಷ್ಟು, ಭಾಗ ಇಲ್ಲೇ ಇರುತ್ತದೋ ಹುಬ್ಬಳ್ಳಿ ಅಥವಾ ಬೆಂಗಳೂರಿನಿಂದ ತರಿಸಬೇಕೋ. ಡಿಸ್‌ಪ್ಲೇ ಬೆಲೆ ಫೋನಿನ ಅರ್ಧ ಮುಟ್ಟಿದರೆ ಬೇರೆ ಮಾಡೆಲ್ ನೋಡಿ. ಅಪ್‌ಡೇಟ್ ಎಷ್ಟು ವರ್ಷ ಎಂದು ನೋಡುವಾಗ ಎಣಿಕೆ ನೀವು ಕೊಂಡ ದಿನದಿಂದ ಅಲ್ಲ, ಮಾಡೆಲ್ ಬಿಡುಗಡೆಯಾದ ದಿನದಿಂದ ಎಂಬುದು ನೆನಪಿರಲಿ. ಪಿಕ್ಸೆಲ್ 8 ಮತ್ತು ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷದ ಭರವಸೆ ಶುರುವಾಯಿತು. ದೀಪಾವಳಿ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾಡೆಲಿನಲ್ಲಿ ಆ ಎರಡು ವರ್ಷ ಆಗಲೇ ಕಳೆದಿರುತ್ತದೆ.

ಕೈಗೆ ಬಂದ ಫೋನಿನಲ್ಲಿ *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಅನ್ನು ಡಬ್ಬಿ ಮತ್ತು ಬಿಲ್ಲಿನ ಜೊತೆ ಹೋಲಿಸಿ. ಸೆಕೆಂಡ್‌ಹ್ಯಾಂಡ್ ಆದರೆ ಇಂಗ್ಲಿಷಿನಲ್ಲಿ ಕೆವೈಎಂ ಎಂಬ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿ. ಕಳವಿನ ದೂರಿನಲ್ಲಿ ತಡೆಹಿಡಿದ ಫೋನಾದರೆ ತಿಳಿಯುತ್ತದೆ.

ಕೆಟ್ಟ ಫೋನಿಗೆ ಸರ್ವೀಸ್ ಸೆಂಟರ್ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅಲ್ಲಿ ಎದ್ದು ನಿಲ್ಲುವುದು ಬಿಲ್ಲು ಮತ್ತು ರಿಪೇರಿಗೆ ಫೋನು ಪಡೆಯುವಾಗ ಸರ್ವೀಸ್ ಸೆಂಟರ್ ಕೊಡುವ ಜಾಬ್ ಶೀಟ್. ಜಾಬ್ ಶೀಟಿನಲ್ಲಿ ‘ಫೋನ್ ಪ್ರಾಬ್ಲೆಮ್’ ಎಂದಷ್ಟೇ ಬರೆದುಕೊಟ್ಟರೆ ಸಹಿ ಮಾಡಬೇಡಿ. ‘ಚಾರ್ಜಿಗೆ ಹಾಕಿದ 10 ನಿಮಿಷಕ್ಕೆ ಕಾದು ಚಾರ್ಜಿಂಗ್ ನಿಲ್ಲುತ್ತದೆ, ಮೂಲ ಚಾರ್ಜರ್ ಬಳಸಲಾಗಿದೆ, ನೀರಿನ ಗುರುತು ಬಿಳಿಯಾಗಿದೆ, ಮೈಮೇಲೆ ಬಿರುಕಿಲ್ಲ’ ಎಂದು ನಿಮ್ಮ ಎದುರಿಗೇ ಬರೆಸಿ, ತಾರೀಖು ಹಾಕಿಸಿ, ಅದರ ಫೋಟೊ ತೆಗೆದುಕೊಂಡ ಮೇಲೆ ಫೋನು ಅವರ ಕೈಗೆ ಕೊಡಿ.